ಇವರು ನಿಮಗೆ ಏನಾಗಬೇಕು?

ಸಿನಿಮಾ ಶುರುವಾದ ಸ್ವಲ್ಪ ಹೊತ್ತಿಗೇ ಒಂದು ಊಟದ ದೃಶ್ಯ ಬರುತ್ತದೆ. ಮಧ್ಯವಯಸ್ಸಿನ ಗಂಡಸೊಬ್ಬ ಮೇಜಿನ ಮುಂದೆ ಕೂತಿದ್ದಾನೆ. ವಯಸ್ಸಾದ ಹೆಂಗಸೊಬ್ಬಳು ಅಡುಗೆಮನೆಯಿಂದ ಒಂದೊಂದೇ ತಂದಿಡುತ್ತಾಳೆ. ಅವನು ತಲೆ ಎತ್ತುವುದಿಲ್ಲ. ಅವಳು ಏನೂ ಕೇಳುವುದಿಲ್ಲ. ಯಾವುದರ ಹಿಂದೆ ಯಾವುದು ಬರಬೇಕು ಅಂತ ಇಬ್ಬರಿಗೂ ಗೊತ್ತು. ಕೊನೆಗೆ ಅವನು ಬಾಯಿ ಬಿಡುವುದು ಒಂದು ಆಸೆ ಹೇಳಿಕೊಳ್ಳಲು. ದನದ ನಾಲಿಗೆಯ ಅಡುಗೆ ತಿಂದು ತುಂಬಾ ದಿನ ಆಯ್ತು ಅನ್ನುತ್ತಾನೆ. ಅವಳು ಗದರುತ್ತಾಳೆ. ಅವನಿಗೆ ಹಿಂದೆ ಹೃದಯದ ತೊಂದರೆ ಆಗಿತ್ತು. ಆಗ ನೋಡಿಕೊಂಡವಳು ಅವಳೇ. ಗದರಿದರೂ ಆಮೇಲೆ ಆ ಅಡುಗೆಗೇ ಕೈ ಹಾಕುತ್ತಾಳೆ.

ಮೊದಲ ಸಲ ನೋಡಿದಾಗ ನನಗೆ ಅವಳ ಕೈ ಕಂಡಿತು. ಎರಡನೇ ಸಲ ನೋಡಿದಾಗ ಅವನು ತಲೆ ಎತ್ತದೇ ಇದ್ದದ್ದು ಕಂಡಿತು. ಮೊದಲ ಸಲ ನಮ್ಮ ಅಕ್ಕ ಬದುಕಿದ್ದಳು. ಎರಡನೇ ಸಲ ಇರಲಿಲ್ಲ.

ಇದು ಹಾಂಗ್‌ಕಾಂಗ್‌ನ ನಿರ್ದೇಶಕಿ ಆನ್ ಹುಯಿ 2011ರಲ್ಲಿ ಮಾಡಿದ ಸಿನಿಮಾ. ಇಂಗ್ಲಿಷಿನಲ್ಲಿ ಇದರ ಹೆಸರು ‘ಎ ಸಿಂಪಲ್ ಲೈಫ್’. ಕತೆ ನಿಜವಾಗಿ ನಡೆದದ್ದು. ರೋಜರ್ ಲೀ ಅನ್ನುವ ಸಿನಿಮಾ ನಿರ್ಮಾಪಕರು ತಮ್ಮ ಮನೆಯಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಹೆಂಗಸಿನ ಕೊನೆಯ ದಿನಗಳನ್ನು ಕತೆ ಮಾಡಿದರು. ಚಿತ್ರಕಥೆ ಬರೆಯುವುದರಲ್ಲೂ ಅವರಿದ್ದರು. ತೆರೆಯ ಮೇಲೆ ರೋಜರ್ ಆಗಿರುವುದು ಆಂಡಿ ಲಾವ್, ಅಲ್ಲಿನ ದೊಡ್ಡ ಸ್ಟಾರ್. ಸಿನಿಮಾಗೆ ದುಡ್ಡು ಹುಟ್ಟದಿದ್ದಾಗ ಹಣ ಹಾಕಿದವರಲ್ಲೂ ಅವರೇ ಮುಂದಿದ್ದರು. ಮನೆಗೆಲಸದ ಹೆಂಗಸು ತಾವೋ ಪಾತ್ರದಲ್ಲಿ ಡೀನಿ ಇಪ್. ಇವರು ಎಷ್ಟೋ ಸಿನಿಮಾಗಳಲ್ಲಿ ಆಂಡಿ ಲಾವ್‌ಗೆ ತಾಯಿಯಾಗಿ ನಟಿಸಿದವರು. ಆ ವರ್ಷದ ಸೆಪ್ಟೆಂಬರಿನಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿ ಬಂತು. ಮುಂದಿನ ವರ್ಷ ಹಾಂಗ್‌ಕಾಂಗ್‌ನ ಸಿನಿಮಾ ಪ್ರಶಸ್ತಿಗಳಲ್ಲಿ ಚಿತ್ರ, ನಿರ್ದೇಶನ, ಚಿತ್ರಕಥೆ, ನಟ, ನಟಿ ಐದೂ ಇದಕ್ಕೇ.

ಆನ್ ಹುಯಿ ಮತ್ತು ಡೀನಿ ಇಪ್ ಇಬ್ಬರೂ 1947ರಲ್ಲಿ ಹುಟ್ಟಿದವರು. ಅಂದರೆ ಸಿನಿಮಾ ಮಾಡುವಾಗ ಇಬ್ಬರಿಗೂ ಅರವತ್ತು ದಾಟಿತ್ತು. ಮುಪ್ಪನ್ನು ದೂರದಿಂದ ನೋಡಿ ಮಾಡಿದ ಸಿನಿಮಾ ಇದಲ್ಲ ಅಂತ ನನಗೆ ಅನ್ನಿಸಲು ಇದೂ ಒಂದು ಕಾರಣ. ಆನ್ ಹುಯಿ ಇದಕ್ಕೂ ಮೊದಲೇ, 1995ರಲ್ಲಿ, ‘ಸಮ್ಮರ್ ಸ್ನೋ’ ಅಂತ ಒಂದು ಸಿನಿಮಾ ಮಾಡಿದ್ದರು. ಅದರಲ್ಲಿ ಕೆಲಸಕ್ಕೆ ಹೋಗುವ ಸೊಸೆಯೊಬ್ಬಳು ಮರೆವಿನ ಕಾಯಿಲೆ ಬಂದ ಮಾವನನ್ನು ನೋಡಿಕೊಳ್ಳುತ್ತಾಳೆ. ಮನೆಯಲ್ಲಿ ಒಬ್ಬರಿಗೆ ವಯಸ್ಸಾದರೆ ಆ ಭಾರ ಯಾರ ಹೆಗಲ ಮೇಲೆ ಬೀಳುತ್ತದೆ ಅನ್ನುವುದನ್ನು ಅವರು ಬಹಳ ಕಾಲದಿಂದ ನೋಡುತ್ತಾ ಬಂದಿದ್ದಾರೆ.

ಇನ್ನು ಹೆಸರಿನ ವಿಷಯ. ಚೀನೀ ಭಾಷೆಯಲ್ಲಿ ಈ ಸಿನಿಮಾದ ಹೆಸರಿಗೂ ‘ಸಿಂಪಲ್ ಲೈಫ್’ಗೂ ಸಂಬಂಧವೇ ಇಲ್ಲ. ಅಲ್ಲಿ ಅದು ‘ತಾವೋ ಜಿಯೆ’. ತಾವೋ ಅವಳ ಹೆಸರು, ಪೀಚ್ ಹಣ್ಣು ಅಂತ ಅರ್ಥ. ಜಿಯೆ ಅಂದರೆ ಅಕ್ಕ. ತಾವೋ ಅಕ್ಕ. ಅಷ್ಟೇ.

ಇದು ಗೊತ್ತಾದ ಕ್ಷಣ ನಾನು ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನಮ್ಮ ಮೈಸೂರಿನ ಮನೆಗೆ ಅಕ್ಕ ಬಂದದ್ದು ನಾನು ಹುಟ್ಟುವುದಕ್ಕಿಂತ ಎರಡು ವರ್ಷ ಮೊದಲು. ಟಿ. ನರಸೀಪುರದ ಕಡೆಯ ಹಳ್ಳಿಯವಳು. ಗಂಡ ಬಿಟ್ಟು ಹೋಗಿದ್ದ, ಮಕ್ಕಳಿರಲಿಲ್ಲ. ಪಾತ್ರೆ, ಬಟ್ಟೆ, ಕಸ, ಮುಸುರೆ ಅಂತ ಶುರುವಾದ ಕೆಲಸ ಆಮೇಲೆ ನನಗೆ ನೀರು ಹಾಕುವುದು, ತಮ್ಮನನ್ನು ಸ್ಕೂಲಿಗೆ ಬಿಡುವುದು, ಅಜ್ಜಿಗೆ ಕಾಲು ಒತ್ತುವುದು ಅಂತ ಬೆಳೆಯುತ್ತಾ ಹೋಯಿತು. 36 ವರ್ಷ. ಅವಳು ಅಪ್ಪನನ್ನು ಅಯ್ಯೋರು ಅನ್ನುತ್ತಿದ್ದಳು, ಅಮ್ಮನನ್ನು ಅಮ್ಮೋರು. ನನ್ನನ್ನು ಕೂಸು ಅನ್ನುತ್ತಿದ್ದಳು. ನನಗೆ ಮದುವೆ ಆಗಿ ಮಗು ಆದ ಮೇಲೂ ಕೂಸು.

ನಾವು ಅವಳನ್ನು ಅಕ್ಕ ಅಂತ ಕರೆಯುತ್ತಿದ್ದೆವು, ಏಕವಚನದಲ್ಲಿ ಮಾತಾಡುತ್ತಿದ್ದೆವು. ಅಮ್ಮನಿಗೂ ನೀನು, ಅಕ್ಕನಿಗೂ ನೀನು. ನಮ್ಮ ಕನ್ನಡದಲ್ಲಿ ಸಲಿಗೆಗೂ ಅದೇ ಮಾತು, ಕೀಳು ಮಾಡುವುದಕ್ಕೂ ಅದೇ ಮಾತು. ಎರಡರಲ್ಲಿ ಯಾವುದು ಅಂತ ನಾನು ಯಾವತ್ತೂ ಕೇಳಿಕೊಳ್ಳಬೇಕಾಗಿ ಬರಲಿಲ್ಲ. ಎದುರಿಗೆ ಬಂದ ಅಮ್ಮನ ಗೆಳತಿಯರಿಗೆ ಮಾತ್ರ ನೀವು, ಬನ್ನಿ, ಕೂತ್ಕೊಳ್ಳಿ.

ಹಿತ್ತಲ ಬಾಗಿಲ ಪಕ್ಕದ ಕಿಟಕಿ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟ ಬೋರಲು ಹಾಕಿರುತ್ತಿತ್ತು. ಅಂಚಿನಲ್ಲಿ ಒಂದು ಕಡೆ ನೆಗ್ಗಿತ್ತು. ಅದು ಅಕ್ಕನ ಲೋಟ. ಬೆಳಗ್ಗೆ ಅವಳು ಬಂದಾಗ ಅಜ್ಜಿ ಕಾಫಿ ಪಾತ್ರೆಯನ್ನು ಎತ್ತಿ ಹಿಡಿದು, ಲೋಟಕ್ಕೆ ತಾಗದ ಹಾಗೆ ಮೇಲಿಂದ ಹುಯ್ಯುತ್ತಿದ್ದಳು. ನಮ್ಮದು ಮಡಿ ಮೈಲಿಗೆ ನೋಡುವ ಮನೆ ಅಲ್ಲ ಅಂತ ಅಪ್ಪ ಯಾವಾಗಲೂ ಹೇಳುತ್ತಿದ್ದ. ಲೋಟ ಬೇರೆ ಇತ್ತು. ಅಜ್ಜಿ ಹೋದ ಮೇಲೆ, ಅಮ್ಮನಿಗೆ ಆಪರೇಷನ್ ಆದಾಗ, ಅಕ್ಕ ಮೊದಲ ಸಲ ಅಡುಗೆಮನೆಯ ಒಳಗೆ ಬಂದಳು. ಹುರುಳಿಕಾಳು ಬಸ್ಸಾರು ಮಾಡಿದಳು. ಆಮೇಲೆ ಹೊರಗೆ ಹೋಗಲೇ ಇಲ್ಲ. ಇಡೀ ಮನೆಯ ಅಡುಗೆ ಅವಳದ್ದೇ ಆಯಿತು. ಲೋಟ ಮಾತ್ರ ಹಿತ್ತಲ ಕಿಟಕಿಯಲ್ಲೇ ಉಳಿಯಿತು. ಯಾರೂ ಹೊರಗಿಡು ಅನ್ನಲಿಲ್ಲ. ಯಾರೂ ಒಳಗೆ ತಾ ಅನ್ನಲೂ ಇಲ್ಲ.

ಹಾಂಗ್‌ಕಾಂಗ್‌ಗೆ ವಾಪಸ್ ಬರುತ್ತೇನೆ.

ತಾವೋಳ ಪೂರ್ತಿ ಹೆಸರು ಚುಂಗ್ ಚುನ್-ತಾವೋ. ಸಿನಿಮಾ ಇದನ್ನು ಶುರುವಿನಲ್ಲೇ ಹೇಳಿಬಿಡುತ್ತದೆ. ಚೀನಾದ ತೈಶಾನ್‌ನಲ್ಲಿ ಹುಟ್ಟಿದವಳು. ಸಾಕು ಮಗಳು. ಜಪಾನೀಯರು ಆಳುತ್ತಿದ್ದ ದಿನಗಳಲ್ಲಿ ಸಾಕುತಂದೆ ಸತ್ತ. ಸಾಕುತಾಯಿ ಇವಳನ್ನು ಲೆಯುಂಗ್ ಅನ್ನುವ ಕುಟುಂಬಕ್ಕೆ ಕೆಲಸಕ್ಕೆ ಕಳಿಸಿದಳು. ಅಲ್ಲಿಂದ ಸುಮಾರು 60 ವರ್ಷ ಅದೇ ಕುಟುಂಬ. ನಾಲ್ಕು ತಲೆಮಾರು. ಈಗ ಆ ಮನೆಯವರೆಲ್ಲ ಅಮೆರಿಕಕ್ಕೆ ಹೋಗಿದ್ದಾರೆ. ಉಳಿದಿರುವುದು ರೋಜರ್ ಮತ್ತು ತಾವೋ. ಅವನಿಗೆ ಮದುವೆ ಆಗಿಲ್ಲ, ಅವಳಿಗೂ ಆಗಿಲ್ಲ.

ಇಂಥ ಹೆಂಗಸರ ದೊಡ್ಡ ಚರಿತ್ರೆಯೇ ಅಲ್ಲಿದೆ. ದಕ್ಷಿಣ ಚೀನಾದ ಶುಂದೆ ಕಡೆ ರೇಷ್ಮೆಯ ಕೆಲಸ ಜಾಸ್ತಿ ಇತ್ತು. ನೂಲು ತೆಗೆದು ಕೈಯಲ್ಲಿ ದುಡ್ಡು ಕಂಡ ಎಷ್ಟೋ ಹೆಂಗಸರು ಮದುವೆ ಬೇಡ ಅಂತ ತೀರ್ಮಾನ ಮಾಡಿ, ಮದುವೆಯಾದವರ ಹಾಗೆ ತಮ್ಮ ಕೂದಲನ್ನು ತಾವೇ ಬಾಚಿ ಕಟ್ಟಿಕೊಂಡು ಪ್ರತಿಜ್ಞೆ ಮಾಡುತ್ತಿದ್ದರು. 1930ರ ದಶಕದಲ್ಲಿ ರೇಷ್ಮೆ ಬಿದ್ದುಹೋಯಿತು. ಅವರಲ್ಲಿ ಬಹಳ ಜನ ಹಾಂಗ್‌ಕಾಂಗ್, ಸಿಂಗಾಪುರ, ಮಲಯಾದ ಮನೆಗಳಿಗೆ ಕೆಲಸಕ್ಕೆ ಹೋದರು. ಬಿಳಿ ಮೇಲಂಗಿ, ಕಪ್ಪು ಪೈಜಾಮ, ಉದ್ದ ಜಡೆ. ಕೆಲವರು ಸಂಬಳ ಉಳಿಸಿ, ಗೆಳತಿಯರೆಲ್ಲ ಸೇರಿ ಒಂದು ಮನೆ ಮಾಡಿಕೊಳ್ಳುತ್ತಿದ್ದರು. ವಯಸ್ಸಾದ ಮೇಲೆ ಒಟ್ಟಿಗೆ ಇರುವುದಕ್ಕೆ. ಇದನ್ನು ಓದಿದಾಗ ನನಗೆ ತುಂಬಾ ಖುಷಿಯಾಯಿತು, ಬೇಜಾರೂ ಆಯಿತು. ಕೊನೆಗಾಲಕ್ಕೆ ತಮಗೆ ಆಗುವವರು ತಾವೇ ಅಂತ ಅವರಿಗೆ ಮೊದಲೇ ಗೊತ್ತಿತ್ತು. 1970ರ ದಶಕದ ನಂತರ ಅವರ ಜಾಗಕ್ಕೆ ಫಿಲಿಪೀನ್ಸ್‌ನಿಂದ, ಆಮೇಲೆ ಇಂಡೋನೇಷ್ಯಾದಿಂದ ಹೆಂಗಸರು ಬಂದರು. ಇವತ್ತು ಹಾಂಗ್‌ಕಾಂಗ್‌ನಲ್ಲಿ ಹೊರದೇಶಗಳಿಂದ ಬಂದ 3 ಲಕ್ಷಕ್ಕೂ ಹೆಚ್ಚು ಮನೆಗೆಲಸದವರಿದ್ದಾರೆ. ತಾವೋ ಆ ಹಳೆಯ ಕಾಲದ ಕೊನೆಯ ಕೊಂಡಿಗಳಲ್ಲಿ ಒಬ್ಬಳು.

ಒಂದು ದಿನ ಅವಳಿಗೆ ಸ್ಟ್ರೋಕ್ ಆಗುತ್ತದೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಮೇಲೆ ಅವಳು ಮಾಡುವ ಮೊದಲ ಕೆಲಸ ರಾಜೀನಾಮೆ. ನನಗೆ ಇನ್ನು ಕೆಲಸ ಆಗಲ್ಲ, ವೃದ್ಧಾಶ್ರಮ ಹುಡುಕಿಕೊಡು ಅನ್ನುತ್ತಾಳೆ. ಅಳುವುದಿಲ್ಲ, ಅನುಮಾನ ಇಲ್ಲ. ಕೆಲಸ ಮಾಡದೆ ಆ ಮನೆಯಲ್ಲಿ ಇರುವುದು ಹೇಗೆ ಅಂತ ಅವಳಿಗೆ ಗೊತ್ತಿಲ್ಲ. ಇದನ್ನು ಸ್ವಾಭಿಮಾನ ಅಂತಲೂ ಹೇಳಬಹುದು. ಅರವತ್ತು ವರ್ಷ ಇದ್ದರೂ ಆ ಮನೆಯಲ್ಲಿ ಸುಮ್ನೆ ಕೂರುವ ಹಕ್ಕು ತನಗಿದೆ ಅಂತ ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ ಅಂತಲೂ ಹೇಳಬಹುದು. ಎರಡೂ ನಿಜ ಅಂತ ನನ್ನ ಲೆಕ್ಕ.

ವೃದ್ಧಾಶ್ರಮ ರಸ್ತೆ ಪಕ್ಕದಲ್ಲೇ ಇದೆ. ಒಳಗೆ ಸಾಲಾಗಿ ಸಣ್ಣ ಸಣ್ಣ ಕೋಣೆಗಳು. ನಿಜ ಹೇಳಬೇಕೆಂದರೆ ಕೋಣೆಗಳೂ ಅಲ್ಲ, ಅಡ್ಡ ಹಲಗೆ ಹಾಕಿ ಮಾಡಿದ ಗೂಡುಗಳು. ಗೋಡೆ ಮಾಡಿನ ತನಕ ಹೋಗುವುದಿಲ್ಲ. ಪಕ್ಕದವರ ಕೆಮ್ಮು, ನರಳಾಟ ಎಲ್ಲ ಕೇಳಿಸುತ್ತದೆ. ಯಾವುದಕ್ಕೆ ಎಷ್ಟು ದುಡ್ಡು ಅಂತ ಅಲ್ಲಿನವರು ಹೇಳುತ್ತಾರೆ. ಕೋಣೆಗಿಷ್ಟು, ಆಸ್ಪತ್ರೆಗೆ ಜೊತೆಗೆ ಬಂದರೆ ಇಷ್ಟು. ಆನ್ ಹುಯಿ ಈ ಜಾಗವನ್ನು ನರಕ ಮಾಡಿ ತೋರಿಸುವುದಿಲ್ಲ. ಸ್ವರ್ಗವನ್ನೂ ಮಾಡುವುದಿಲ್ಲ. ಇಷ್ಟು ಬಾಡಿಗೆಗೆ ಊರಿನ ನಡುವೆ ಸಿಗುವ ಜಾಗ ಹೀಗೇ ಇರುತ್ತದೆ ಅಂತ ತೋರಿಸುತ್ತಾರೆ, ಅಷ್ಟೇ.

ಮೊದಲ ದಿನಗಳಲ್ಲಿ ಒಂದು ದೃಶ್ಯ. ತಾವೋ ಶೌಚಾಲಯಕ್ಕೆ ಹೋಗಬೇಕು. ವಾಸನೆ ತಡೆಯಲು ಆಗುವುದಿಲ್ಲ. ಅವಳು ಟಿಶ್ಯೂ ಕಾಗದವನ್ನು ಸಣ್ಣದಾಗಿ ಸುತ್ತಿ ಎರಡೂ ಮೂಗಿನ ಹೊಳ್ಳೆಗೆ ತುರುಕಿಕೊಂಡು ಹೋಗುತ್ತಾಳೆ. ಸಂಗೀತ ಇಲ್ಲ, ಕಣ್ಣೀರಿಲ್ಲ. ಜೀವನ ಪೂರ್ತಿ ಬೇರೆಯವರ ಮನೆಯನ್ನು ಥಳಥಳ ಇಟ್ಟವಳು, ಬೆಳ್ಳುಳ್ಳಿಯನ್ನೂ ಒಂದೊಂದಾಗಿ ಆರಿಸಿ ತಂದವಳು. ಈಗ ಆ ಎರಡು ಟಿಶ್ಯೂ ಉಂಡೆ ಬಿಟ್ಟರೆ ಅವಳ ಕೈಯಲ್ಲಿ ಬೇರೇನಿಲ್ಲ. ಅವಳು ದೂರುವುದಿಲ್ಲ. ಮೂಗು ಮುಚ್ಚಿಕೊಂಡು ಕೆಲಸ ಮುಗಿಸುತ್ತಾಳೆ. ಎರಡು ಸಲವೂ ನಾನು ಇಲ್ಲೇ ಅತ್ತದ್ದು. ಸಾಯುವ ದೃಶ್ಯಕ್ಕೆ ಅಳಲಿಲ್ಲ.

ಅಲ್ಲಿನ ಉಳಿದವರೂ ಚೆನ್ನಾಗಿ ನೆನಪಿರುತ್ತಾರೆ. ಆಗಾಗ ಬಂದು ಸಾಲ ಕೇಳುವ ಒಬ್ಬ ಮುದುಕನಿದ್ದಾನೆ. ಆ ದುಡ್ಡಿನಲ್ಲಿ ಅವನು ಹೆಂಗಸರ ಹತ್ತಿರ ಹೋಗುತ್ತಾನೆ. ರೋಜರ್‌ಗೆ ಸಿಟ್ಟು ಬರುತ್ತದೆ. ತಾವೋ ಮಾತ್ರ, ಪಾಪ, ಆಗುವಷ್ಟು ದಿನ ಮಾಡಿಕೊಳ್ಳಲಿ ಬಿಡು ಅನ್ನುವ ಹಾಗೆ ಕೊಡುತ್ತಾಳೆ. ಮುದುಕರನ್ನು ದೇವರು ಮಾಡಿ ಪಟ ಹಾಕದ ಸಿನಿಮಾ ಅಂದರೆ ಹೀಗಿರಬೇಕು.

ರೋಜರ್ ನಿಧಾನಕ್ಕೆ ಬದಲಾಗುತ್ತಾನೆ. ಅದು ನಮಗೆ ಗೊತ್ತೇ ಆಗದ ಹಾಗೆ ಆಗುತ್ತದೆ. ಮೊದಲು ಕರ್ತವ್ಯಕ್ಕೆ ಬರುತ್ತಾನೆ. ಆಮೇಲೆ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋಗಿ ಊಟ ಹಾಕಿಸುತ್ತಾನೆ. ಆಮೇಲೆ ಹರಟೆ, ತಮಾಷೆ. ಅವನ ಬಟ್ಟೆ ನೋಡಿ ಏಸಿ ರಿಪೇರಿಯವನು ಅಂತ ಒಬ್ಬರು ತಿಳಿಯುತ್ತಾರೆ. ಅವನು ಬೇಸರ ಮಾಡಿಕೊಳ್ಳುವುದಿಲ್ಲ. ಇತ್ತ ಮನೆಯಲ್ಲಿ ಫ್ರೀಜರ್ ತೆಗೆದರೆ ಅವಳು ಮಾಡಿಟ್ಟು ಹೋದ ನಾಲಿಗೆಯ ಅಡುಗೆ ಸಿಗುತ್ತದೆ. ಹಳೆಯ ಸ್ಕೂಲಿನ ಗೆಳೆಯರು ಬಂದು ಒಟ್ಟಿಗೆ ತಿನ್ನುತ್ತಾರೆ, ಅವಳಿಗೆ ಫೋನ್ ಮಾಡುತ್ತಾರೆ. ಆ ಹುಡುಗರೆಲ್ಲ ಅವಳ ಕೈ ಅಡುಗೆ ತಿಂದವರೇ.

ತನ್ನ ಜಾಗಕ್ಕೆ ಬೇರೆಯವರನ್ನು ಹುಡುಕಲು ತಾವೋ ಒಬ್ಬೊಬ್ಬರನ್ನೇ ಕರೆಸಿ ಪರೀಕ್ಷೆ ಮಾಡುವ ದೃಶ್ಯವೂ ಇದೆ. ಮೀನು ಹೇಗೆ ಬೇಯಿಸಬೇಕು, ಸೂಪು ಹೇಗೆ ಕಾಯಿಸಬೇಕು ಅಂತ ಕೇಳುವ ಪ್ರಶ್ನೆಗಳಿಗೆ ಬಂದವರು ಸುಸ್ತಾಗಿ ಹೋಗುತ್ತಾರೆ. ನೋಡಿ ನಗು ಬಂತು, ಆಮೇಲೆ ನಮ್ಮ ಅಕ್ಕ ಮೊಣಕಾಲು ನೋವಿನಿಂದ ಬಿಡುವ ಮುಂಚೆ ಹೊಸ ಹುಡುಗಿಗೆ ಒಗ್ಗರಣೆ ಹೇಳಿಕೊಟ್ಟದ್ದು ನೆನಪಾಯಿತು. ‘ಇಂಗಲ್ಲ ಕಣೆ, ಅಯ್ಯೋರ್ಗೆ ಸಾಸಿವೆ ಸಿಡೀಬೇಕು, ಸೀಯಬಾರ್ದು.’ ಅಪ್ಪ ತೀರಿಕೊಂಡು ಆಗ ನಾಲ್ಕು ವರ್ಷ ಆಗಿತ್ತು.

ವೃದ್ಧಾಶ್ರಮದಲ್ಲಿ ಜನ ತಾವೋಳನ್ನು ಕೇಳುತ್ತಾರೆ, ಇವನು ಯಾರು? ನಿನ್ನ ಮಗನಾ? ರೋಜರ್ ಇದಕ್ಕೆ ಒಂದು ಉತ್ತರ ಹುಡುಕಿಕೊಳ್ಳುತ್ತಾನೆ. ನಾನು ಅವರ ಸಾಕುಮಗ ಇದ್ದ ಹಾಗೆ, ಅವರು ನನಗೆ ತಾಯಿ ಸಮಾನ. ಅಲ್ಲಿನ ಭಾಷೆಯಲ್ಲಿ ಈ ಸಂಬಂಧಕ್ಕೆ ಒಂದು ಪದ ಇದೆ, ಅದನ್ನು ಹೇಳುತ್ತಾನೆ. ತನ್ನ ಹೊಸ ಸಿನಿಮಾದ ಮೊದಲ ಪ್ರದರ್ಶನಕ್ಕೆ ಅವಳನ್ನು ಕರೆದುಕೊಂಡು ಹೋಗುತ್ತಾನೆ. ಅವಳು ಅಲಂಕಾರ ಮಾಡಿಕೊಂಡು ಬಂದಿದ್ದಾಳೆ. ದೊಡ್ಡ ದೊಡ್ಡ ನಿರ್ದೇಶಕರ ನಡುವೆ ಅವಳನ್ನು ಪರಿಚಯ ಮಾಡಿಸುತ್ತಾನೆ. ರಾತ್ರಿ ಇಬ್ಬರೂ ಕೈ ಹಿಡಿದುಕೊಂಡು ನಡೆದು ಬರುತ್ತಾರೆ.

ನಮ್ಮಲ್ಲಿ ಇದಕ್ಕೆ ಇರುವ ಮಾತು ಒಂದೇ. ‘ಮನೆಯವರ ಥರ.’ ಅವಳು ನಮ್ಮನೆಯವರ ಥರಾನೇ, ಮನೆಯವರ ಹಾಗೇ ನೋಡ್ಕೊಂಡಿದೀವಿ. ಅಮ್ಮ ಹೇಳುತ್ತಿದ್ದಳು, ನಾನೂ ಹೇಳಿದ್ದೇನೆ. ಪ್ರೀತಿಯಿಂದಲೇ ಹೇಳಿದ್ದೇವೆ. ಆದರೆ ಆ ‘ಥರ’ ಅನ್ನುವ ಪದ ಬಹಳ ಕೆಲಸ ಮಾಡುತ್ತದೆ. ಮನೆಯವರಾದರೆ ಮನೆಯಲ್ಲಿ ಪಾಲು ಇರಬೇಕಿತ್ತು. ಕೆಲಸದವಳಾದರೆ ರಜೆ, ಬೋನಸ್, ಪಿಂಚಣಿ ಇರಬೇಕಿತ್ತು. ಮನೆಯವರ ಥರ ಆದ್ದರಿಂದ ಎರಡೂ ಬೇಕಾಗಲಿಲ್ಲ. ಸಂಬಳ ಜಾಸ್ತಿ ಮಾಡು ಅಂತ ಅಕ್ಕ ಕೇಳಿದ್ದು ನನಗೆ ನೆನಪಿರುವ ಹಾಗೆ ಎರಡೇ ಸಲ. ಎರಡು ಸಲವೂ ಅಮ್ಮನಿಗೆ ಮನಸ್ಸಿಗೆ ನೋವಾಗಿತ್ತು. ಇಷ್ಟು ಮಾಡಿದರೂ ಹೀಗೆ ಕೇಳಿದಳಲ್ಲ ಅಂತ.

ಕಾನೂನಿಗೂ ಇದೇ ಗೊಂದಲ. ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತು ಮಾಡಿದ್ದರಲ್ಲಿ ಕರ್ನಾಟಕ ದೇಶಕ್ಕೇ ಮೊದಲು, 2004ರಲ್ಲಿ. ಆ ವರ್ಷ ಅಕ್ಕ ನಮ್ಮನೆಯಲ್ಲೇ ಕೆಲಸ ಮಾಡುತ್ತಿದ್ದಳು. ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಆ ಸುದ್ದಿ ಬಂದದ್ದು ನನಗೆ ನೆನಪಿಲ್ಲ. ತಾಯಿ ತಂದೆಯನ್ನು ಮಕ್ಕಳು ನೋಡಿಕೊಳ್ಳಲೇಬೇಕು ಅಂತ 2007ರಲ್ಲಿ ಕಾಯ್ದೆ ಬಂತು. ಮಕ್ಕಳಿಲ್ಲದವರನ್ನು ಆಸ್ತಿಗೆ ವಾರಸುದಾರರಾಗುವ ನೆಂಟರು ನೋಡಿಕೊಳ್ಳಬೇಕು ಅಂತಲೂ ಅದರಲ್ಲಿದೆ. ಎತ್ತಿ ಆಡಿಸಿ ಬೆಳೆಸಿದವಳು, ಆಸ್ತಿ ಇಲ್ಲದವಳು, ಅದರಲ್ಲಿ ಎಲ್ಲೂ ಬರುವುದಿಲ್ಲ. ಈ ಸಿನಿಮಾ ಬಂದ 2011ರಲ್ಲೇ, ಜೂನ್ ತಿಂಗಳಲ್ಲಿ, ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮನೆಗೆಲಸದವರೂ ಕಾರ್ಮಿಕರೇ, ಅವರಿಗೂ ಉಳಿದವರಿಗಿರುವ ಹಕ್ಕುಗಳಿವೆ ಅಂತ 189ನೇ ಒಪ್ಪಂದ ಮಾಡಿತು. ಭಾರತ ಅದರ ಪರ ಮತ ಹಾಕಿತು. ಆದರೆ ಒಪ್ಪಂದವನ್ನು ಇನ್ನೂ ಅನುಮೋದಿಸಿಲ್ಲ.

ಸಿನಿಮಾ ಇದರ ಬಗ್ಗೆ ಭಾಷಣ ಮಾಡುವುದಿಲ್ಲ. ಆದರೆ ಅದು ಸುಳ್ಳು ಹೇಳುವುದೂ ಇಲ್ಲ. ಅಮೆರಿಕದಿಂದ ರೋಜರ್‌ನ ತಾಯಿ ಬರುತ್ತಾಳೆ, ತಾವೋಳನ್ನು ನೋಡಲು ಹೋಗುತ್ತಾಳೆ. ಇಬ್ಬರಿಗೂ ವಯಸ್ಸಾಗಿದೆ. ತಿನ್ನಲು ತಂದದ್ದನ್ನು ಕೊಡುತ್ತಾಳೆ. ದುಡ್ಡು ಕೊಡುತ್ತಾಳೆ. ಪ್ರೀತಿ ಇದೆ, ಒಡತಿಯ ಗತ್ತೂ ಇದೆ. ತಾವೋ ಅವಳ ಮುಂದೆ ಮತ್ತೆ ಕೆಲಸದವಳಾಗಿ ಬಿಡುತ್ತಾಳೆ. ಮುಖವೇ ಬೇರೆ ಆಗುತ್ತದೆ. ಡೀನಿ ಇಪ್ ಅವರ ಅಭಿನಯಕ್ಕೆ ಪ್ರಶಸ್ತಿ ಕೊಟ್ಟದ್ದು ಯಾಕೆ ಅಂತ ತಿಳಿಯಲು ಇದೊಂದು ದೃಶ್ಯ ಸಾಕು.

ಮನೆಯಲ್ಲಿ ಮಗು ಹುಟ್ಟಿದ ಸಂಭ್ರಮಕ್ಕೆ ಎಲ್ಲರೂ ಸೇರುತ್ತಾರೆ. ಫೋಟೋ ತೆಗೆಯುವಾಗ ತಾವೋ ಕೂಡ ಸಾಲಿನಲ್ಲಿದ್ದಾಳೆ. ಆ ರಾತ್ರಿ ನಾನು ನನ್ನ ಮದುವೆಯ ಆಲ್ಬಮ್ ತೆಗೆದು ನೋಡಿದೆ. 200ಕ್ಕೂ ಹೆಚ್ಚು ಫೋಟೋ. ಅಕ್ಕ ಒಂದರಲ್ಲೂ ಇಲ್ಲ. ಒಂದು ಫೋಟೋದ ಅಂಚಿನಲ್ಲಿ ಅರಿಶಿನ ಕುಂಕುಮದ ತಟ್ಟೆ ಚಾಚಿದ ಒಂದು ಕೈ ಇದೆ. ಹಸಿರು ಗಾಜಿನ ಬಳೆ, ಮುಂಗೈ ಮೇಲೆ ಹಳೆಯ ಎಣ್ಣೆ ಸಿಡಿದ ಕಲೆ. ಕಲೆಯಿಂದಲೇ ಅವಳ ಕೈ ಅಂತ ಗುರುತು ಸಿಕ್ಕಿತು.

ಅಕ್ಕ ಬಿದ್ದದ್ದು ನಮ್ಮ ಮನೆಯ ಬಚ್ಚಲಿನಲ್ಲಿ. ಕೆಲಸ ಬಿಟ್ಟು ಒಂದು ವರ್ಷ ಆಗಿತ್ತು. ಆದರೂ ವಾರಕ್ಕೊಮ್ಮೆ ಬರುತ್ತಿದ್ದಳು, ಅಮ್ಮನಿಗೆ ತಲೆಗೆ ಎಣ್ಣೆ ಹಚ್ಚಲು. ಸೊಂಟದ ಮೂಳೆ ಮುರಿಯಿತು. ಅಮ್ಮ ಫೋನ್ ಮಾಡಿದಳು, ನಾನು ಬೆಂಗಳೂರಿನಿಂದ ಸಂಜೆಯೊಳಗೆ ಹೋದೆ. ಆಸ್ಪತ್ರೆಯಲ್ಲಿ ನರ್ಸ್ ಫಾರ್ಮ್ ಹಿಡಿದು ನಿಂತಿದ್ದಳು. ಪೇಷಂಟ್ ಪೂರ್ತಿ ಹೆಸರು? ನನಗೆ ನಾವು ಕರೆಯುವ ಹೆಸರು ಗೊತ್ತಿತ್ತು. ತಂದೆ ಹೆಸರು ಗೊತ್ತಿರಲಿಲ್ಲ. ವಯಸ್ಸು ಅವಳಿಗೂ ಗೊತ್ತಿರಲಿಲ್ಲ. ಅವಳ ಸೆರಗಿನ ಗಂಟಿನಲ್ಲಿದ್ದ ಆಧಾರ್ ಕಾರ್ಡ್ ಬಿಚ್ಚಿ ನೋಡಿ ಬರೆದೆ. 36 ವರ್ಷಕ್ಕೆ ಮೊದಲ ಸಲ ಅವಳ ಪೂರ್ತಿ ಹೆಸರು ಓದಿದೆ.

ಆಮೇಲೆ ನರ್ಸ್ ಕೇಳಿದಳು. ‘ಇವರು ನಿಮಗೆ ಏನಾಗಬೇಕು?’

ನನಗೆ ಮಾತು ಹೊರಡಲಿಲ್ಲ. ‘ನಮ್ಮನೇಲಿ...’ ಅಂತ ಶುರು ಮಾಡಿ ನಿಲ್ಲಿಸಿದೆ. ಕೆಲಸದವಳು ಅನ್ನಲು ನಾಲಿಗೆ ಬರಲಿಲ್ಲ. ಬೇರೆ ಏನಾದರೂ ಅನ್ನಲು ಮುಖ ಇರಲಿಲ್ಲ. ಸ್ಟ್ರೆಚರ್ ಮೇಲಿಂದ ಅಕ್ಕನೇ ಹೇಳಿದಳು. ‘ನಮ್ಮನೆ ಕೂಸು ಕಣವ್ವ.’

ಅವಳ ಮಾತಿನಲ್ಲಿ ಥರ ಇರಲಿಲ್ಲ.

ಆಪರೇಷನ್ ಆಯಿತು. ಖರ್ಚು ನಾನೂ ತಮ್ಮನೂ ಹಾಕಿದೆವು. ಎಲ್ಲಿ ಇಟ್ಟುಕೊಳ್ಳುವುದು ಅನ್ನುವ ಮಾತು ಬಂದಾಗ ಅಮ್ಮ ನಮ್ಮ ಮನೆಯಲ್ಲಿ ಮೆಟ್ಟಿಲು ಜಾಸ್ತಿ ಅಂದಳು. ಬೆಂಗಳೂರಿನಲ್ಲಿ ನನ್ನದು ಎರಡು ಬೆಡ್‌ರೂಮಿನ ಮನೆ. ನಾನೂ ಲೆಕ್ಕ ಹಾಕಿದೆ. ಅಷ್ಟರಲ್ಲಿ ಅಕ್ಕ ತಾನೇ ಹೇಳಿದಳು, ಊರಿಗೆ ಹೋಗ್ತೀನಿ, ಅಣ್ಣನ ಮಗ ಅವ್ನೆ. ನಮಗೆಲ್ಲ ಒಳಗೊಳಗೇ ಹಗುರಾಯಿತು. ಅದು ಅವಳಿಗೆ ಗೊತ್ತಾಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ. ತಾವೋ ವೃದ್ಧಾಶ್ರಮ ಹುಡುಕು ಅಂದಾಗ ರೋಜರ್ ಮುಖವನ್ನು ಅದಕ್ಕೇ ನಾನು ಎರಡನೇ ಸಲ ಅಷ್ಟು ಹತ್ತಿರದಿಂದ ನೋಡಿದ್ದು. ಅವಳ ಹತ್ತಿರ ಹಟ ಮಾಡಿ ಮನೆಗೆ ಕರೆತರುವ ದೃಶ್ಯ ಈ ಸಿನಿಮಾದಲ್ಲಿ ಇಲ್ಲ. ನಮ್ಮ ಕಡೆ ಮಾಡಿದ್ದರೆ ಅದೇ ಕ್ಲೈಮ್ಯಾಕ್ಸ್ ಆಗುತ್ತಿತ್ತು ಅಲ್ವಾ? ಆನ್ ಹುಯಿ ಹಾಗೆ ಮಾಡಲಿಲ್ಲ. ಅವನ ಕೆಲಸ, ಅವನ ಓಡಾಟ, ಅವಳಿಗೆ ಬೇಕಾದ ಆರೈಕೆ ಎಲ್ಲವನ್ನೂ ಇದ್ದ ಹಾಗೇ ಬಿಟ್ಟು, ಅದರೊಳಗೆ ಒಬ್ಬ ಮನುಷ್ಯ ಎಷ್ಟು ಬಾರಿ ಬಾಗಿಲು ತಟ್ಟಿ ಒಳಗೆ ಬಂದ ಅನ್ನುವುದನ್ನು ತೋರಿಸಿದರು.

ನಾನು ಹಾಗೆ ಹೋದದ್ದು ಒಂದೂವರೆ ವರ್ಷದಲ್ಲಿ ಐದು ಸಲ. ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದೆವು. ಸಂಧ್ಯಾ ಸುರಕ್ಷಾ ಪಿಂಚಣಿಯೂ ಬರುತ್ತಿತ್ತು. ಅದನ್ನು ಅವಳು ಅಣ್ಣನ ಮಗನ ಹೆಂಡತಿಯ ಕೈಗೆ ಕೊಟ್ಟುಬಿಡುತ್ತಿದ್ದಳು. ಹೋದಾಗಲೆಲ್ಲ ನನ್ನ ಊಟದ ಬಗ್ಗೆಯೇ ಕೇಳುತ್ತಿದ್ದಳು. ಒಂದು ಸಲ ನಾನು ಅವಳ ಕಾಲಿನ ಉಗುರು ಕತ್ತರಿಸಿದೆ. ಬ್ಯಾಡ ಬ್ಯಾಡ ಅಂತ ಕಾಲು ಎಳೆದುಕೊಂಡಳು. ಆಮೇಲೆ ಸುಮ್ಮನಾದಳು. ಉಗುರು ಕೊಂಬಿನ ಹಾಗೆ ಗಟ್ಟಿಯಾಗಿತ್ತು. ಬಿಸಿ ನೀರಿನಲ್ಲಿ ನೆನೆಸಿ ಒಂದೊಂದೇ ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಅವಳಿಗೆ ನಾನು ಮಾಡಿದ ಕೆಲಸ ಅಂತ ನನ್ನ ಹತ್ತಿರ ಇರುವುದು ಅದೊಂದೇ.

ಸಿನಿಮಾದ ಕೊನೆಯಲ್ಲಿ ತಾವೋ ಆಸ್ಪತ್ರೆಯಲ್ಲಿದ್ದಾಳೆ, ಇನ್ನು ಆಗುವುದಿಲ್ಲ ಅಂತ ಗೊತ್ತಾಗಿದೆ. ರೋಜರ್ ಡಾಕ್ಟರ ಹತ್ತಿರ ಮಾತಾಡುತ್ತಾನೆ. ಸುಮ್ಮನೆ ಎಳೆಯುವುದು ಬೇಡ ಅಂತ ತೀರ್ಮಾನ ಆಗುತ್ತದೆ. ಆಮೇಲೆ ಅವನು ಕೆಲಸದ ಮೇಲೆ ಬೇರೆ ಊರಿಗೆ ಹೋಗುತ್ತಾನೆ. ಅವಳು ಹೋಗುವಾಗ ಅವನು ಪಕ್ಕದಲ್ಲಿ ಇರುವುದಿಲ್ಲ. ಮೊದಲ ಸಲ ನೋಡಿದಾಗ ನನಗೆ ಇದು ಸಹಿಸಲು ಆಗಲಿಲ್ಲ. ಹೇಗೆ ಹೋದ? ಒಂದು ದಿನ ಕಾಯಬಾರದಿತ್ತಾ? ಸಿಟ್ಟಿನಿಂದ ಗಂಡನ ಹತ್ತಿರ ವಾದ ಮಾಡಿದ್ದೆ. ಅಕ್ಕ ಹೋದ ದಿನ ನಾನು ಪುಣೆಯಲ್ಲಿ ಮೀಟಿಂಗಿನಲ್ಲಿದ್ದೆ. ಹಿಂದಿನ ದಿನವೇ ಅಣ್ಣನ ಮಗ ಫೋನ್ ಮಾಡಿ ಜ್ವರ ಇಳೀತಿಲ್ಲ ಅಂದಿದ್ದ. ಶನಿವಾರ ಬರುತ್ತೇನೆ ಅಂದಿದ್ದೆ. ಗುರುವಾರ ಹೋದಳು. ಹೆಗಲು ಕೊಟ್ಟವರು ಯಾರೋ, ಮಣ್ಣು ಹಾಕಿದವರು ಯಾರೋ. ನಾನು ಹೋದಾಗ ಮೂರನೇ ದಿನದ ಹಾಲು ತುಪ್ಪ ನಡೆಯುತ್ತಿತ್ತು.

ಎರಡನೇ ಸಲ ನೋಡುವಾಗ ರೋಜರ್ ಬ್ಯಾಗ್ ಹಿಡಿದು ಹೊರಟಾಗ ನಾನು ಏನೂ ಅನ್ನಲಿಲ್ಲ.

ಈಗ ಅಮ್ಮ ನನ್ನ ಜೊತೆ ಬೆಂಗಳೂರಿನಲ್ಲಿದ್ದಾಳೆ. ಮರೆವು ಶುರುವಾಗಿದೆ. ಹಗಲು ನೋಡಿಕೊಳ್ಳಲು ಏಜೆನ್ಸಿಯಿಂದ ಒಬ್ಬಳು ಹುಡುಗಿ ಬರುತ್ತಾಳೆ. ಇಪ್ಪತ್ತೆರಡು ವರ್ಷ, ರಾಯಚೂರು ಕಡೆಯವಳು. ಮೊದಲ ದಿನವೇ ಅವಳ ಪೂರ್ತಿ ಹೆಸರು, ಊರು, ತಾಯಿ ತಂದೆಯ ಹೆಸರು ಕೇಳಿ ಡೈರಿಯಲ್ಲಿ ಬರೆದುಕೊಂಡೆ. ವಾರದ ರಜೆ ಭಾನುವಾರ ಅಂತ ಮಾತಾಯಿತು. ಅವಳು ಕುಡಿಯುವ ನೀರನ್ನು ತನ್ನ ಬಾಟಲಿಯಲ್ಲೇ ತರುತ್ತಿದ್ದಳು. ಶೆಲ್ಫಿನಲ್ಲಿರುವ ಲೋಟ ತಗೋ ಅಂತ ಹೇಳಿದೆ. ಅವಳು ಲೋಟ ಮುಟ್ಟಲು ಹತ್ತು ದಿನ ಹಿಡಿಯಿತು.

ಮೈಸೂರಿನ ಮನೆ ಖಾಲಿ ಮಾಡುವಾಗ ಆ ನೆಗ್ಗಿದ ಲೋಟ ಸಿಕ್ಕಿತು. ಕಿಟಕಿ ಕಟ್ಟೆಯಲ್ಲೇ ಇತ್ತು, ಜೇಡರ ಬಲೆ ಕಟ್ಟಿತ್ತು. ತೊಳೆದು ತಂದಿದ್ದೇನೆ. ಉಳಿದ ಲೋಟಗಳ ಜೊತೆಗೇ ಇದೆ, ಯಾರ ಕೈಗೆ ಸಿಕ್ಕರೆ ಅವರು ಕುಡಿಯುತ್ತೇವೆ. ಒಂದು ದಿನ ಅಮ್ಮನಿಗೆ ಅದರಲ್ಲೇ ಕಾಫಿ ಹೋಗಿತ್ತು. ಅವಳು ಬಹಳ ಹೊತ್ತು ಆ ನೆಗ್ಗಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂತಿದ್ದಳು.

ಅಮ್ಮ ಈಗ ಆ ಹುಡುಗಿಯನ್ನು ಅಕ್ಕನ ಹೆಸರಿನಿಂದಲೇ ಕರೆಯುತ್ತಾಳೆ. ಊಟ ಆಯ್ತೇನೇ, ಕೆಳಗೆ ಯಾಕೆ ಕೂತಿದೀಯ, ಶೀತ ಆಗತ್ತೆ, ಮೇಲೆ ಬಾ ಅನ್ನುತ್ತಾಳೆ. ಮೊದಲ ವಾರ ಹುಡುಗಿ ತಿದ್ದುತ್ತಿದ್ದಳು, ಅಜ್ಜಿ, ನನ್ನ ಹೆಸರು ಅದಲ್ಲ ಅಂತ. ಈಗ ಹ್ಞೂಂ ಅನ್ನುತ್ತಾಳೆ. ಮಂಚದ ಅಂಚಿಗೆ ಬಂದು ಕೂರುತ್ತಾಳೆ.